ಅಕ್ರಿಲಿಕ್ ಅಂತ ಒಂದೇ ಹೆಸರು, ಒಳಗೆ ಮೂರು ಮನೆತನ: ಮಾಡೆಲ್ ಬಣ್ಣದ ಥಿನ್ನರ್ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ತುಂಬಾ ಚಿಕ್ಕದು. ಎಷ್ಟು ಚಿಕ್ಕದು ಅಂದ್ರೆ, 10 ಎಂಎಲ್ ಬಾಟಲಿಯೊಳಗೆ ಹಿಡಿಯುತ್ತೆ. ಆದ್ರೆ ಆ ಬಾಟಲಿಯ ಹಿಂದೆ ಸುಮಾರು 120 ವರ್ಷದ ಚರಿತ್ರೆ ಇದೆ. ಅದರಲ್ಲಿ ಚರ್ಮ ಹದ ಮಾಡೋರು ಬರ್ತಾರೆ, ಮಹಾಯುದ್ಧದ ವಿಮಾನ ಬರುತ್ತೆ, ಕಾರ್ಟೂನ್ ಸಿನಿಮಾ ಬರುತ್ತೆ, ನಮ್ಮ ಚನ್ನಪಟ್ಟಣವೂ ಬಂದು ಹೋಗುತ್ತೆ.

ಸ್ಕೇಲ್ ಮಾಡೆಲಿಂಗ್ ಅಂದ್ರೆ ಗೊತ್ತಲ್ಲ? ಪ್ಲಾಸ್ಟಿಕ್ ಕಿಟ್ ತಂದು, ಬಿಡಿಭಾಗ ಕತ್ತರಿಸಿ, ಅಂಟಿಸಿ, ಬಣ್ಣ ಹೊಡೆದು ಅಂಗೈ ಅಗಲದ ವಿಮಾನ, ಟ್ಯಾಂಕ್, ಹಡಗು ಮಾಡುವ ಹವ್ಯಾಸ. ಇದಕ್ಕೆ ಹೊಸದಾಗಿ ಬಂದವರೆಲ್ಲ ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ ಇದು: "ಅಕ್ರಿಲಿಕ್ ಬಣ್ಣಕ್ಕೆ ಯಾವ ಥಿನ್ನರ್ ಹಾಕಬೇಕು?"

ಉತ್ತರ ಕೊಡೋಕೆ ಜನ ಸಾಲಾಗಿ ನಿಂತಿರ್ತಾರೆ. ಒಬ್ಬರು "ನೀರು ಸಾಕು" ಅಂತಾರೆ. ಇನ್ನೊಬ್ಬರು "ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಐಪಿಎ" ಅಂತಾರೆ. ಮೂರನೆಯವರು "ಲ್ಯಾಕರ್ ಥಿನ್ನರ್ ಬಿಟ್ಟು ಬೇರೆ ಮುಟ್ಟಬೇಡಿ" ಅಂತಾರೆ. ತಮಾಷೆ ಏನು ಅಂದ್ರೆ, ಮೂವರೂ ಸರಿ. ಮೂವರ ಮಾತು ಕೇಳಿದರೂ ಬಣ್ಣ ಹಾಳಾಗಬಹುದು. ಹುಬ್ಬಳ್ಳಿಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು: "ಅಣ್ಣಾ, ಯೂಟ್ಯೂಬ್ ನೋಡಿ ಐಪಿಎ ಹಾಕಿದೆ. ಬಣ್ಣ ಒಡೆದ ಹಾಲಿನ ಹಂಗ ಆತು. ಅವರಿಗೆ ಚಲೋ ಬಂದದ, ನನಗ್ಯಾಕ ಹಿಂಗಾತು?"

ಈ "ನನಗ್ಯಾಕೆ ಹೀಗಾಯ್ತು" ಅನ್ನೋದಕ್ಕೆ ಉತ್ತರ ಸಿಗೋದು ಚರಿತ್ರೆಯಲ್ಲಿ. ಇದು ಬರೀ ಹಾಳಾದ ಬಣ್ಣದ ಮಾತೂ ಅಲ್ಲ. "ಅಕ್ರಿಲಿಕ್ ತಾನೇ, ಏನೂ ಆಗಲ್ಲ" ಅಂತ ಬಾಗಿಲು ಹಾಕಿಕೊಂಡು ಬೆಡ್‌ರೂಮಲ್ಲಿ ಸ್ಪ್ರೇ ಮಾಡೋ ಹುಡುಗ ಹುಡುಗಿಯರಿದ್ದಾರೆ. ಅವರ ಶ್ವಾಸಕೋಶದ ಮಾತು ಕೂಡ.

ಸಾಮಾನು, ಹಗ್ಗ, ಟೆಂಪೋ

ಮೊದಲು ಬಣ್ಣ ಅಂದ್ರೆ ಏನು ಅಂತ ನೋಡೋಣ. ನಾನು ಓದಿದ್ದು ಬಿ.ಕಾಂ., ಕೆಮಿಸ್ಟ್ರಿ ಅಲ್ಲ. ಹಾಗಾಗಿ ನನಗೆ ಅರ್ಥ ಆದ ಹಾಗೆ ಹೇಳ್ತೀನಿ.

ಬಣ್ಣದಲ್ಲಿ ಮುಖ್ಯವಾಗಿ ಮೂರು ವಸ್ತು. ಒಂದು, ಬಣ್ಣದ ಪುಡಿ. ಎರಡು, ಆ ಪುಡಿಯನ್ನು ಮೇಲ್ಮೈಗೆ ಕಚ್ಚಿ ಹಿಡಿಯುವ ಅಂಟು. ಮೂರು, ಇವೆರಡನ್ನೂ ಹೊತ್ತು ತರುವ ದ್ರವ. ಬರೀ ಪುಡಿ ಇದ್ದರೆ ಅದು ರಂಗೋಲಿ. ಬೆಳಗ್ಗೆ ಹಾಕಿದ್ದು ಸಂಜೆ ಗಾಳಿಗೆ ಹೋಗುತ್ತೆ. ಅಂಟು ಇದ್ದರೆ ಮಾತ್ರ ಅದು ಪೇಂಟ್.

ಮನೆ ಶಿಫ್ಟ್ ಮಾಡೋದನ್ನ ನೆನೆಸಿಕೊಳ್ಳಿ. ಪುಡಿ ಅಂದ್ರೆ ಸಾಮಾನು. ಅಂಟು ಅಂದ್ರೆ ಸಾಮಾನು ಕಟ್ಟಿರೋ ಹಗ್ಗ. ದ್ರವ ಅಂದ್ರೆ ಟೆಂಪೋ. ಸಾಮಾನು ಇಳಿಸಿದ ಮೇಲೆ ಟೆಂಪೋ ವಾಪಸ್ ಹೋಗಲೇಬೇಕು. ಬಣ್ಣ ಒಣಗೋದು ಅಂದ್ರೆ ಅದೇ, ದ್ರವ ಆವಿಯಾಗಿ ಹೊರಟು ಹೋಗೋದು. ಥಿನ್ನರ್ ಅಂದ್ರೆ ಹೆಚ್ಚುವರಿಯಾಗಿ ಕರೆಸಿದ ಟೆಂಪೋ.

ಈಗ ಮುಖ್ಯ ವಿಷಯ. "ಅಕ್ರಿಲಿಕ್" ಅನ್ನೋದು ಹಗ್ಗದ ಹೆಸರು. ಅಂಟಿನ ಹೆಸರು. ಟೆಂಪೋ ಯಾವುದು ಅಂತ ಅದು ಹೇಳೋದೇ ಇಲ್ಲ. ಹಗ್ಗ ನೋಡಿ, ಟೆಂಪೋಗೆ ಪೆಟ್ರೋಲ್ ಹಾಕಬೇಕೋ ಡೀಸೆಲ್ ಹಾಕಬೇಕೋ ಅಂತ ಹೇಳೋಕಾಗುತ್ತಾ? ಥಿನ್ನರ್ ಗೊಂದಲದ ಮೂಲ ಇಷ್ಟೇ.

ಟೆಂಪೋನೇ ಇಲ್ಲದ ಬಣ್ಣವೂ ಇದೆ, ನಮ್ಮ ಚನ್ನಪಟ್ಟಣದಲ್ಲಿ. ಅಲ್ಲಿಯ ಗೊಂಬೆಗಳಿಗೆ ಬಳಿಯೋದು ಅರಗು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ಕೊಡ್ತಾರೆ. ನೀರಿಲ್ಲ, ಥಿನ್ನರ್ ಇಲ್ಲ. ಬೇರೆ ಕಡೆ ದ್ರವ ಮಾಡೋ ಕೆಲಸವನ್ನ ಇಲ್ಲಿ ಬಿಸಿ ಮಾಡುತ್ತೆ. "ಲ್ಯಾಕರ್" ಅನ್ನೋ ಪದ ಇದೆಯಲ್ಲ, ಅದರ ಬೇರು ಕೂಡ ಇದೇ ಅರಗಿನಲ್ಲಿದೆ, ಸಂಸ್ಕೃತದ "ಲಾಕ್ಷಾ" ಅನ್ನೋ ಪದದಲ್ಲಿ. ಪಾಂಡವರನ್ನು ಸುಡೋಕೆ ಕಟ್ಟಿಸಿದ ಅರಗಿನ ಮನೆ ನೆನಪಿದೆಯಾ? ಆ ಹೆಸರು ಹೊತ್ತ ಲ್ಯಾಕರ್ ಡಬ್ಬಿಗಳ ಮೇಲೆ ಇವತ್ತೂ ಬೆಂಕಿಯ ಚಿತ್ರ ಇರುತ್ತೆ. ಹೆಸರಿಗೆ ತಕ್ಕ ಗುಣ.

ಚರ್ಮದ ಕಾರ್ಖಾನೆಯಿಂದ ವಿಮಾನದ ಗಾಜಿಗೆ

ಅಕ್ರಿಲಿಕ್ ಕಥೆ ಶುರುವಾಗೋದು ಜರ್ಮನಿಯಲ್ಲಿ. ಓಟೋ ರ‍್ಯೋಮ್ ಅನ್ನೋ ಕೆಮಿಸ್ಟ್ 1901ರಲ್ಲಿ ಡಾಕ್ಟರೇಟ್ ಪಡೆದದ್ದು ಅಕ್ರಿಲಿಕ್ ಆಮ್ಲದಿಂದ ಬರುವ ಪದಾರ್ಥಗಳ ಮೇಲೆ. ಆದ್ರೆ ಆಗ ಅದನ್ನ ಕೊಳ್ಳೋರು ಯಾರೂ ಇರಲಿಲ್ಲ. ಹೊಟ್ಟೆಪಾಡಿಗೆ ಅವನು ಹಿಡಿದದ್ದು ಬೇರೆ ದಾರಿ.

ಆ ಕಾಲದಲ್ಲಿ ಚರ್ಮವನ್ನು ಮೆತ್ತಗೆ ಮಾಡೋಕೆ ಏನು ಬಳಸ್ತಿದ್ರು ಗೊತ್ತಾ? ನಾಯಿಯ ಮಲ. ಹೌದು, ಸರಿಯಾಗೇ ಕೇಳಿಸಿಕೊಂಡ್ರಿ. ರ‍್ಯೋಮ್ ಅದರ ಬದಲು ಪ್ರಾಣಿಗಳ ಮೇದೋಜ್ಜೀರಕ ಗ್ರಂಥಿಯ ಕಿಣ್ವದಿಂದ ಒಂದು ಪುಡಿ ತಯಾರಿಸಿದ. ಅದನ್ನು ಮಾರೋಕೆ 1907ರಲ್ಲಿ ಓಟೋ ಹಾಸ್ ಜೊತೆ ಸೇರಿ ಕಂಪನಿ ಶುರು ಮಾಡಿದ. ಹಾಸ್ ವ್ಯಾಪಾರದ ಮನುಷ್ಯ. ಅಂದ್ರೆ ನಮ್ಮ ಕಾಮರ್ಸ್ ಪೈಕಿ! 1909ರಲ್ಲಿ ಹಾಸ್ ಅಮೆರಿಕದ ಫಿಲಡೆಲ್ಫಿಯಾಗೆ ಹೋಗಿ ಅಲ್ಲೊಂದು ಶಾಖೆ ತೆರೆದ. ಚರ್ಮದ ವ್ಯಾಪಾರದಿಂದ ಬಂದ ದುಡ್ಡು ರ‍್ಯೋಮ್‌ನ ಹಳೇ ಕನಸನ್ನ, ಅಕ್ರಿಲಿಕ್ ಸಂಶೋಧನೆಯನ್ನ, ಸಾಕಿತು.

ಫಲ ಸಿಕ್ಕಿದ್ದು 1933ರಲ್ಲಿ. ಪ್ಲೆಕ್ಸಿಗ್ಲಾಸ್ ಅನ್ನೋ ಪಾರದರ್ಶಕ ಅಕ್ರಿಲಿಕ್ ಹಾಳೆ ಮಾರುಕಟ್ಟೆಗೆ ಬಂತು. ಗಾಜಿಗಿಂತ ಹಗುರ, ಸುಲಭವಾಗಿ ಚೂರಾಗಲ್ಲ, ಬಿಸಿ ಮಾಡಿದರೆ ಬಾಗುತ್ತೆ. ವಿಮಾನಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಮೆಸ್ಸರ್‌ಶ್ಮಿಟ್ ವಿಮಾನದ ಕಾಕ್‌ಪಿಟ್ ಮುಚ್ಚಳಕ್ಕೂ ಅಕ್ರಿಲಿಕ್, ಅಮೆರಿಕದ ಬಿ-17 ಬಾಂಬರ್‌ನ ಮೂತಿಗೂ ಅಕ್ರಿಲಿಕ್. ಒಂದೇ ಬೇರಿನ ಎರಡು ಕಂಪನಿ ಎದುರಾಳಿಗಳಿಬ್ಬರಿಗೂ ಸಾಮಾನು ಕೊಟ್ಟವು.

ಇವತ್ತು ಅದೇ ವಿಮಾನಗಳ ಮಾಡೆಲ್ ಮಾಡಿ ನಾವು ಅಕ್ರಿಲಿಕ್ ಬಣ್ಣ ಹೊಡೀತೀವಿ. ಅಸಲಿ ವಿಮಾನದ ಗಾಜಾಗಿದ್ದ ವಸ್ತು, ನಕಲಿ ವಿಮಾನದ ಬಣ್ಣದೊಳಗಿನ ಅಂಟಿನ ದಾಯಾದಿ.

ಮೊದಲ ಅಕ್ರಿಲಿಕ್ ಬಣ್ಣಕ್ಕೆ ನೀರು ಆಗ್ತಿರಲಿಲ್ಲ

"ಅಕ್ರಿಲಿಕ್ ಅಂದ್ರೆ ನೀರಿನ ಬಣ್ಣ" ಅಂತ ಶಾಲೆಯ ಡ್ರಾಯಿಂಗ್ ಕ್ಲಾಸಿನಿಂದ ನಮ್ಮ ತಲೆಯಲ್ಲಿ ಕೂತಿದೆ. ಚರಿತ್ರೆ ಉಲ್ಟಾ ಹೇಳುತ್ತೆ.

ಕಲಾವಿದರಿಗಾಗಿ ಬಂದ ಮೊದಲ ಅಕ್ರಿಲಿಕ್ ಬಣ್ಣಗಳಲ್ಲಿ ಹೆಸರು ಮಾಡಿದ್ದು "ಮ್ಯಾಗ್ನಾ". 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಲಿಯೊನಾರ್ಡ್ ಬೊಕೂರ್ ಮತ್ತು ಸ್ಯಾಮ್ ಗೋಲ್ಡನ್ ತಯಾರಿಸಿದ್ದು. ಇದನ್ನ ತೆಳು ಮಾಡ್ತಾ ಇದ್ದದ್ದು ಟರ್ಪೆಂಟೈನ್‌ನಿಂದ. ನೀರು ಹಾಕಿದರೆ ಕೂಡೋದೇ ಇಲ್ಲ. ರಾಯ್ ಲಿಕ್ಟೆನ್‌ಸ್ಟೈನ್ ಅವರ ಕಾಮಿಕ್ಸ್ ಶೈಲಿಯ ದೊಡ್ಡ ದೊಡ್ಡ ಚಿತ್ರಗಳನ್ನ ರೀಲ್ಸ್‌ನಲ್ಲಿ ನೋಡಿರ್ತೀರಿ. ಅವರು ಬಳಸಿದ್ದು ಇದೇ ಮ್ಯಾಗ್ನಾ. ಇಲ್ಲಿ ಅಕ್ರಿಲಿಕ್ ಅಂಟು ದ್ರವದಲ್ಲಿ ಪೂರ್ತಿ ಕರಗಿರುತ್ತೆ, ಪಾನಕದಲ್ಲಿ ಬೆಲ್ಲ ಕರಗಿದ ಹಾಗೆ. ಇದು ಮೊದಲ ಮನೆತನ.

1953ರಲ್ಲಿ ಫಿಲಡೆಲ್ಫಿಯಾದ ರೋಮ್ ಅಂಡ್ ಹಾಸ್ ಕಂಪನಿ ಇನ್ನೊಂದು ವಸ್ತು ಹೊರತಂದಿತು, "ರೋಪ್ಲೆಕ್ಸ್ ಎಸಿ-33". ಮನೆ ಗೋಡೆಯ ಬಣ್ಣಕ್ಕಾಗಿ ಮಾಡಿದ ಅಕ್ರಿಲಿಕ್ ಎಮಲ್ಷನ್. 1955ರಲ್ಲಿ ಸಿನ್ಸಿನಾಟಿಯ ಹೆನ್ರಿ ಲೆವಿಸನ್ "ಲಿಕ್ವಿಟೆಕ್ಸ್" ಅನ್ನೋ ನೀರಿನ ಅಕ್ರಿಲಿಕ್ ಬಣ್ಣವನ್ನು ಕಲಾವಿದರಿಗೆ ಕೊಟ್ಟರು.

ಎಮಲ್ಷನ್ ಅಂದ್ರೆ ಏನು? ಹಾಲು. ಹಾಲಿನಲ್ಲಿ ಕೊಬ್ಬು ನೀರಿನಲ್ಲಿ ಕರಗಿರಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿಗಳಾಗಿ ತೇಲ್ತಾ ಇರುತ್ತೆ. ಹಾಗೇ ಇಲ್ಲೂ ಅಕ್ರಿಲಿಕ್ ಅಂಟಿನ ಸಣ್ಣ ಗುಂಡುಗಳು ನೀರಲ್ಲಿ ತೇಲುತ್ತವೆ. ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಸೋಪಿನಂಥ ಪದಾರ್ಥ ಅವನ್ನು ದೂರ ಇಟ್ಟಿರುತ್ತೆ. ನೀರು ಆವಿಯಾದಾಗ ಗುಂಡುಗಳು ಹತ್ತಿರ ಬಂದು, ಒಂದರೊಳಗೊಂದು ಬೆಸೆದು ಪದರ ಆಗುತ್ತೆ. ಆಮೇಲೆ ನೀರು ಹಾಕಿದರೂ ಮತ್ತೆ ಬಿಡಿಯಾಗಲ್ಲ. ಹಾಗಾಗಿಯೇ ಬ್ರಷ್ ತೊಳೆಯೋಕೆ ನೀರು ಸಾಕು, ಒಣಗಿದ ಮೇಲೆ ಮಾತ್ರ ನೀರಿಗೆ ಜಗ್ಗಲ್ಲ. ಇದು ಎರಡನೇ ಮನೆತನ.

ಈಗ ಹುಬ್ಬಳ್ಳಿಯ ಗೆಳೆಯರ ಪ್ರಶ್ನೆಗೆ ಬನ್ನಿ. ಹಾಲಿಗೆ ನಿಂಬೆಹುಳಿ ಹಿಂಡಿದರೆ ಏನಾಗುತ್ತೆ? ಒಡೆಯುತ್ತೆ. ಎಮಲ್ಷನ್ ಅಕ್ರಿಲಿಕ್‌ಗೆ ಆಲ್ಕೋಹಾಲ್ ಜಾಸ್ತಿ ಹಾಕಿದರೂ ಹಾಗೇ. ಗುಂಡುಗಳನ್ನು ದೂರ ಇಟ್ಟಿದ್ದ ವ್ಯವಸ್ಥೆ ಕೆಟ್ಟು, ಎಲ್ಲ ಒಟ್ಟಾಗಿ ರಬ್ಬರ್ ಉಂಡೆ ಆಗುತ್ತೆ. ಅವರು ನೋಡಿದ ವಿಡಿಯೋದಲ್ಲಿದ್ದದ್ದು ಬೇರೆ ಮನೆತನದ ಬಣ್ಣ ಇರಬೇಕು. ಎರಡರ ಬಾಟಲಿ ಮೇಲೂ ಬರೆದಿರೋದು "ಅಕ್ರಿಲಿಕ್" ಅಂತಲೇ.

ಪ್ಲಾಸ್ಟಿಕ್ ಬಂದಾಗ ಹಳೇ ಬಣ್ಣ ಕೈಕೊಟ್ಟಿತು

ಇಷ್ಟೊತ್ತು ನೋಡಿದ್ದು ಬಣ್ಣದ ಕಡೆಯ ಕಥೆ. ಈಗ ಮಾಡೆಲ್ ಕಡೆಯ ಕಥೆ.

ಹಳೇ ಕಾಲದ ಮಾಡೆಲ್ ವಿಮಾನ ಅಂದ್ರೆ ಮರ, ಕಾಗದ, ಬಟ್ಟೆ. ಅದಕ್ಕೆ ಬಳಿಯೋದು "ಡೋಪ್" ಅನ್ನೋ ಸೆಲ್ಯುಲೋಸ್ ದ್ರಾವಣ. ಅಸಲಿ ಬಟ್ಟೆ ರೆಕ್ಕೆಯ ವಿಮಾನಗಳಿಗೂ ಅದನ್ನೇ ಬಳಿಯುತ್ತಿದ್ದರು, ಬಟ್ಟೆ ಬಿಗಿಯಾಗಲಿ ಅಂತ. 1936ರಲ್ಲಿ ಬ್ರಿಟನ್‌ನ ಫ್ರಾಗ್ ಕಂಪನಿ "ಪೆಂಗ್ವಿನ್" ಹೆಸರಲ್ಲಿ 1:72 ಅಳತೆಯ ಪ್ಲಾಸ್ಟಿಕ್ ಕಿಟ್ ತಂದಿತು. ಯಾಕೆ ಪೆಂಗ್ವಿನ್? ಹಾರಲ್ಲ ಅಂತ! 1952ರಲ್ಲಿ ಏರ್‌ಫಿಕ್ಸ್ "ಗೋಲ್ಡನ್ ಹೈಂಡ್" ಹಡಗಿನ ಕಿಟ್ ಅನ್ನು ವುಲ್‌ವರ್ತ್ಸ್ ಅಂಗಡಿಗಳಲ್ಲಿ ಮಾರಿದಾಗ, ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕಿಟ್ ಮಕ್ಕಳ ಜೇಬಿನ ದುಡ್ಡಿಗೆ ಸಿಗೋ ಸರಕಾಯಿತು.

ಆದ್ರೆ ಡೋಪ್‌ನಲ್ಲಿರುವ ಅಸಿಟೋನ್ ಥರದ ದ್ರಾವಕಗಳು ಪಾಲಿಸ್ಟೈರೀನನ್ನೇ ಕರಗಿಸಿಬಿಡ್ತವೆ. ಹಾಗಾಗಿ ಸೌಮ್ಯವಾದ ಬಣ್ಣ ಬೇಕಾಯಿತು. ಆ ಜಾಗಕ್ಕೆ ಬಂದದ್ದು ಎನಾಮೆಲ್. ಬ್ರಿಟನ್‌ನ ಹಲ್ ಊರಿನಲ್ಲಿ 1919ರಲ್ಲಿ ಹಂಬರ್ ಆಯಿಲ್ ಕಂಪನಿಯಾಗಿ ಶುರುವಾದ ಹಂಬ್ರಾಲ್‌ನ ಪುಟ್ಟ ತಗಡಿನ ಡಬ್ಬಿಗಳು, ಅಮೆರಿಕದಲ್ಲಿ ಟೆಸ್ಟರ್ಸ್‌ನ ಪುಟ್ಟ ಗಾಜಿನ ಬಾಟಲಿಗಳು ಒಂದು ಇಡೀ ಪೀಳಿಗೆಯ ಹುಡುಗರ ಮೇಜಿನ ಮೇಲಿದ್ದವು. ಎನಾಮೆಲ್‌ಗೆ ಥಿನ್ನರ್ ಅಂದ್ರೆ ವೈಟ್ ಸ್ಪಿರಿಟ್ ಅಥವಾ ಟರ್ಪೆಂಟೈನ್. ಪ್ಲಾಸ್ಟಿಕ್ ಉಳೀತು. ಆದ್ರೆ ಒಣಗೋಕೆ ಗಂಟೆಗಟ್ಟಲೆ, ಮನೆ ತುಂಬಾ ವಾಸನೆ.

ವಾಸನೆ ಅಂದಾಗ ಒಂದು ಕಹಿ ಅಧ್ಯಾಯ. 1960ರ ದಶಕದಲ್ಲಿ ಅಮೆರಿಕದಲ್ಲಿ ಮಕ್ಕಳು ಮಾಡೆಲ್ ಅಂಟನ್ನು ಮತ್ತಿಗಾಗಿ ಮೂಸೋ ಚಟಕ್ಕೆ ಬಿದ್ದರು. ದಶಕದ ಕೊನೆಗೆ ಟೆಸ್ಟರ್ಸ್ ತನ್ನ ಅಂಟಿಗೆ ಸಾಸಿವೆ ಎಣ್ಣೆಯ ಘಾಟನ್ನ ಸೇರಿಸಿತು. ಮೂಸಿದರೆ ಮೂಗು ಸುಡಬೇಕು, ಹಾಗೆ. ಇತ್ತ 1966ರಲ್ಲಿ ಲಾಸ್ ಏಂಜಲೀಸ್ ಆಡಳಿತ, ಗಾಳಿಯಲ್ಲಿ ಹೊಗೆಮಂಜು ಹುಟ್ಟಿಸುವ ದ್ರಾವಕಗಳ ಮೇಲೆ "ರೂಲ್ 66" ಅನ್ನೋ ನಿಯಮ ತಂದಿತು. ಮನೆಯೊಳಗೂ ಊರೊಳಗೂ ದ್ರಾವಕ ಬೇಡ ಅನ್ನೋ ಗಾಳಿ ಬೀಸತೊಡಗಿತು.

ಕೆಸುವಿನ ಎಲೆ ಮೇಲಿನ ನೀರು

ಹಾಗಾದ್ರೆ ನೀರಿನ ಅಕ್ರಿಲಿಕ್ ತಕ್ಷಣ ಮಾಡೆಲ್‌ಗೆ ಬರಬೇಕಿತ್ತಲ್ಲ? ಅಷ್ಟು ಸುಲಭ ಇರಲಿಲ್ಲ. ಗೋಡೆ ನೀರು ಹೀರುತ್ತೆ, ಕ್ಯಾನ್ವಾಸ್ ಹೀರುತ್ತೆ. ಪ್ಲಾಸ್ಟಿಕ್ ಹೀರಲ್ಲ. ಕೆಸುವಿನ ಎಲೆ ಮೇಲೆ ನೀರು ನಿಂತ ಹಾಗೆ, ಬಣ್ಣ ಹನಿಹನಿಯಾಗಿ ಮುದುಡಿಕೊಳ್ಳುತ್ತೆ. ಕಾರಣ ನೀರಿನ ಮೇಲ್ಮೈ ಸೆಳೆತ. ಐಪಿಎಯಲ್ಲಿ ಈ ಸೆಳೆತ ನೀರಿನ ಮೂರನೇ ಒಂದು ಭಾಗದಷ್ಟು ಮಾತ್ರ. ಅದಕ್ಕೇ ಆಲ್ಕೋಹಾಲ್ ಪ್ಲಾಸ್ಟಿಕ್ ಮೇಲೆ ಹರಡಿಕೊಂಡು ಕೂರುತ್ತೆ, ಬೇಗ ಆರುತ್ತೆ.

ಈ ಸಮಸ್ಯೆಗೆ ಒಂದು ದೇಶ ಒಂದು ದಾರಿ, ಇನ್ನೊಂದು ದೇಶ ಇನ್ನೊಂದು ದಾರಿ ಹಿಡಿಯಿತು.

ಜಪಾನಿನ ದಾರಿ. ಶಿಜುವೊಕಾ ಊರಿನ ತಮಿಯಾ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ಕಂಪನಿ. 1960ರಲ್ಲಿ "ಯಮಾಟೊ" ಯುದ್ಧನೌಕೆಯೊಂದಿಗೆ ಪ್ಲಾಸ್ಟಿಕ್ ಕಿಟ್‌ಗೆ ಬಂತು. ಅದರ ಅಕ್ರಿಲಿಕ್ ಬಣ್ಣದಲ್ಲಿ ನೀರಿನ ಜೊತೆ ಆಲ್ಕೋಹಾಲ್‌ನಂಥ ದ್ರಾವಕಗಳಿಗೂ ಹೊಂದುವ ಅಂಟು ಇದೆ. ಹಾಗಾಗಿ ಅದು ನೀರಿಗೂ ಸೈ, ಐಪಿಎಗೂ ಸೈ, ಲ್ಯಾಕರ್ ಥಿನ್ನರ್‌ಗೂ ಸೈ. ಮಿಸ್ಟರ್ ಹಾಬಿಯ "ಆಕ್ವಿಯಸ್" ಬಣ್ಣವೂ ಇದೇ ಸ್ವಭಾವದ್ದು. ಇದು ಮೂರನೇ ಮನೆತನ, ಎರಡೂ ಕಡೆ ನೆಂಟಸ್ತನ ಇಟ್ಟುಕೊಂಡ ಮನೆ. ಅದೇ ಜಪಾನಿನ "ಮಿಸ್ಟರ್ ಕಲರ್" ಮಾತ್ರ ದ್ರಾವಕದ್ದೇ ಅಕ್ರಿಲಿಕ್ ಲ್ಯಾಕರ್, ಮ್ಯಾಗ್ನಾ ಹಾಗೆ ಮೊದಲ ಮನೆತನದ್ದು. ನೀರಿಗೆ ಸೇರಲ್ಲ.

ಸ್ಪೇನಿನ ದಾರಿ. ವಯ್ಯೇಹೊ ಕಂಪನಿ ಹುಟ್ಟಿದ್ದು 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ. ಮಾಡ್ತಾ ಇದ್ದದ್ದು ಕಾರ್ಟೂನ್ ಸಿನಿಮಾಕ್ಕೆ ಬೇಕಾದ ಬಣ್ಣ. ಆಗ ಅನಿಮೇಷನ್ ಅಂದ್ರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ಮೇಲೆ ಕೈಯಲ್ಲಿ ಬ್ರಷ್ ಹಿಡಿದು ಬಣ್ಣ ತುಂಬೋದು. ನೋಡಿ, ಪ್ಲಾಸ್ಟಿಕ್ ಮೇಲೆ ಕೂರುವ, ಬ್ರಷ್‌ಗೆ ಒಗ್ಗುವ ನೀರಿನ ಬಣ್ಣ ಅವರ ಕೈಯಲ್ಲಿ ಆಗಲೇ ಇತ್ತು. 1969ರಲ್ಲಿ ಕಂಪನಿ ಸ್ಪೇನಿಗೆ ಹೋಯಿತು, ಮುಂದೆ ಮಾಡೆಲ್ ಬಣ್ಣಕ್ಕೆ ಹೆಸರಾಯಿತು. ಇದು ಎಮಲ್ಷನ್ ಮನೆತನ. ಇದಕ್ಕೆ ಐಪಿಎ ಹಾಕಿದರೆ ಹುಬ್ಬಳ್ಳಿಯ ಕಥೆ.

ಹಾಗಾದ್ರೆ ಯಾವುದಕ್ಕೆ ಯಾವುದು?

ಈಗ ನಿಮ್ಮ ಮೇಜಿಗೆ ಬರೋಣ.

ಎಮಲ್ಷನ್ ಬಣ್ಣಕ್ಕೆ ಅದೇ ಕಂಪನಿಯ ಥಿನ್ನರ್ ಅಥವಾ ಡಿಸ್ಟಿಲ್ಡ್ ವಾಟರ್. ಬ್ರಷ್ ಕೆಲಸಕ್ಕೆ ನೀರು ಸಾಕು. ಆದ್ರೆ ಬೋರ್‌ವೆಲ್ ನೀರು ಬೇಡ. ಬಕೆಟ್ ಮೇಲೆ ಬಿಳಿ ಗೆರೆ ಕಟ್ಟುತ್ತಲ್ಲ, ಆ ಲವಣ ನಿಮ್ಮ ವಿಮಾನದ ರೆಕ್ಕೆ ಮೇಲೂ ಕೂರುತ್ತೆ. ನೀರು ಹೆಚ್ಚಾದರೂ ತೊಂದರೆ. ಮಜ್ಜಿಗೆಗೆ ನೀರು ಹುಯ್ದಷ್ಟೂ ಮಜ್ಜಿಗೆ ಕಡಿಮೆಯಾದ ಹಾಗೆ, ಅಂಟು ಕಡಿಮೆಯಾಗಿ ಬಣ್ಣ ಮಾಸ್ಕಿಂಗ್ ಟೇಪ್ ಜೊತೆ ಎದ್ದು ಬರುತ್ತೆ. ಕಂಪನಿಯ ಥಿನ್ನರ್‌ನಲ್ಲಿ ಮೇಲ್ಮೈ ಸೆಳೆತ ತಗ್ಗಿಸುವ ಪದಾರ್ಥ ಇರುತ್ತೆ. ಏರ್‌ಬ್ರಷ್‌ಗೆ ಅದೇ ವಾಸಿ.

ತಮಿಯಾ ಥರದ ಬಣ್ಣಕ್ಕೆ ಎಕ್ಸ್-20ಎ, ಅಥವಾ ಐಪಿಎ. ಹುಷಾರು, ಎಕ್ಸ್-20 ಅಂತ ಇನ್ನೊಂದು ಬಾಟಲಿ ಇದೆ. ಅದು ಎನಾಮೆಲ್‌ದು. ಕೊನೆಯ "ಎ" ಅಕ್ಷರ ನೋಡದೆ ಆರ್ಡರ್ ಮಾಡಿದರೆ ದುಡ್ಡು ನೀರಲ್ಲಿ ಹೋಮ. ಇದೇ ಬಣ್ಣಕ್ಕೆ ಮಾಡೆಲ್ ಕಂಪನಿಗಳ ಲ್ಯಾಕರ್ ಥಿನ್ನರ್ ಹಾಕಿದರೆ ಇನ್ನೂ ನುಣುಪು ಬರುತ್ತೆ, ಗಟ್ಟಿಯಾಗಿ ಕಚ್ಚುತ್ತೆ. ಆದ್ರೆ ಆ ಕ್ಷಣಕ್ಕೆ ನಿಮ್ಮ "ನೀರಿನ ಬಣ್ಣ" ದ್ರಾವಕದ ಬಣ್ಣ ಆಯ್ತು ಅನ್ನೋದು ಮರೀಬೇಡಿ.

ಮಿಸ್ಟರ್ ಕಲರ್ ಥರದ ಅಕ್ರಿಲಿಕ್ ಲ್ಯಾಕರ್‌ಗೆ ಅದರದೇ ಥಿನ್ನರ್. "ಲೆವೆಲಿಂಗ್ ಥಿನ್ನರ್" ಅಂತ ಬರೋದರಲ್ಲಿ ಒಣಗೋದನ್ನ ನಿಧಾನ ಮಾಡುವ ಪದಾರ್ಥ ಇರುತ್ತೆ. ಬಣ್ಣಕ್ಕೆ ಸಮನಾಗಿ ಹರಡಿಕೊಳ್ಳೋಕೆ ಪುರಸೊತ್ತು ಸಿಗುತ್ತೆ.

ಇನ್ನು ಹಾರ್ಡ್‌ವೇರ್ ಅಂಗಡಿಯ "ಥಿನ್ನರ್". ನಮ್ಮ ಊರುಗಳಲ್ಲಿ ಥಿನ್ನರ್ ಕೊಡಿ ಅಂದ್ರೆ ಸಾಮಾನ್ಯವಾಗಿ ಕೊಡೋದು ಎನ್‌ಸಿ ಥಿನ್ನರ್, ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಮಾಡಿದ್ದು. ಬಡಗಿಗಳು, ಗ್ಯಾರೇಜಿನವರು "ಡ್ಯೂಕೋ" ಅಂತಾರಲ್ಲ, ಅದು 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಕಾರುಗಳಿಗಾಗಿ ತಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ನ ಹೆಸರು. ಕಾರಿಗೆ ಬಣ್ಣ ಹಚ್ಚಿ ಒಣಗಿಸೋಕೆ ವಾರಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಅದು ಕೆಲಸವನ್ನ ಗಂಟೆಗಳಿಗೆ ಇಳಿಸಿತು. ಬ್ರಾಂಡ್ ಹೆಸರು ನಮ್ಮಲ್ಲಿ ಕೆಲಸದ ಹೆಸರೇ ಆಗಿ ಉಳೀತು. ಲೋಹಕ್ಕೆ, ಮರಕ್ಕೆ ಅದು ಸರಿ. ಪಾಲಿಸ್ಟೈರೀನ್ ಕಿಟ್‌ಗೆ ಬೇಡ. ವಿವರಗಳೆಲ್ಲ ಮೇಣದ ಹಾಗೆ ಕರಗಿ ಹೋಗ್ತವೆ.

ಐಪಿಎ ಎಲ್ಲಿ ಸಿಗುತ್ತೆ? ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ಕ್ಲೀನ್ ಮಾಡೋಕೆ ಬಳಸೋದು ಅದನ್ನೇ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಎಲೆಕ್ಟ್ರಾನಿಕ್ಸ್ ಬಜಾರಿನಲ್ಲಿ ಸಿಗುತ್ತೆ. ಕೋವಿಡ್ ಕಾಲದ ಸ್ಯಾನಿಟೈಸರ್ ಉಳಿದಿದೆ ಅಂತ ಅದನ್ನ ಸುರೀಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ ಕೈ ಒಣಗದಿರಲಿ ಅಂತ ಗ್ಲಿಸರಾಲ್ ಇದೆ. ಅದು ಆವಿಯಾಗಿ ಹೋಗಲ್ಲ, ಬಣ್ಣದೊಳಗೇ ಜಿಗುಟಾಗಿ ಉಳಿಯುತ್ತೆ. ಟೆಂಪೋ ವಾಪಸ್ ಹೋಗದೆ ಮನೆ ಮುಂದೆಯೇ ನಿಂತ ಹಾಗೆ.

ಹವಾಮಾನವೂ ಲೆಕ್ಕಕ್ಕೆ ಬರುತ್ತೆ. ಕಲಬುರಗಿಯ ಮೇ ತಿಂಗಳಲ್ಲಿ ಬಣ್ಣ ಏರ್‌ಬ್ರಷ್‌ನ ಸೂಜಿ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತೆ. ಆಗ ರಿಟಾರ್ಡರ್ ಒಂದೆರಡು ಹನಿ ಬೇಕು. ಮಂಗಳೂರಿನ ಜೂನ್ ತಿಂಗಳಲ್ಲಿ ಲ್ಯಾಕರ್ ಹೊಡೆದರೆ, ದ್ರಾವಕ ಬೇಗ ಆರಿ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಳಿದು ಬಿಳಿ ಮಂಜು ಕವಿದ ಹಾಗೆ ಕಾಣುತ್ತೆ. ವಿದೇಶದ ವಿಡಿಯೋದ ಅಳತೆ ನಮ್ಮ ಮಳೆಗಾಲಕ್ಕೆ ಹಾಗೇ ಹೊಂದಲ್ಲ.

ಏನೂ ತಿಳಿಯದಿದ್ದಾಗ ಒಂದು ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಚಮಚದಲ್ಲಿ ಒಂದು ಹನಿ ಬಣ್ಣ, ಎರಡು ಹನಿ ಥಿನ್ನರ್. ಕಡ್ಡಿಯಲ್ಲಿ ಕಲಸಿ ಐದು ನಿಮಿಷ ಬಿಡಿ. ಗಟ್ಟಿ ಹಾಲಿನ ಹಾಗೆ ಅಂಚಿನಿಂದ ಇಳಿದರೆ ಸರಿ. ನೂಲು, ಗಂಟು, ಮೊಸರು ಕಂಡರೆ ಬೇಡ. ಒಂದು ಚಮಚ ಹೋದರೆ ಹೋಯ್ತು, ಏರ್‌ಬ್ರಷ್ ಉಳೀತು.

"ಅಕ್ರಿಲಿಕ್" ಅಂದ್ರೆ "ಸುರಕ್ಷಿತ" ಅಲ್ಲ

ಇಡೀ ಸಂಚಿಕೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ.

ದ್ರಾವಕದ ಘಾಟಿನಿಂದ ತಪ್ಪಿಸಿಕೊಳ್ಳೋಕೆ ನೀರಿನ ಅಕ್ರಿಲಿಕ್ ಅಷ್ಟು ಜನರಿಗೆ ಬೇಕಾಯಿತು. ಆ ಒಳ್ಳೇ ಹೆಸರು ನಿಧಾನವಾಗಿ ಇಡೀ "ಅಕ್ರಿಲಿಕ್" ಪದಕ್ಕೆ ಅಂಟಿಕೊಂಡಿತು. ಅಕೌಂಟ್ಸ್‌ನಲ್ಲಿ ಇದಕ್ಕೆ ಗುಡ್‌ವಿಲ್ ಅಂತೀವಿ, ಕಣ್ಣಿಗೆ ಕಾಣದ ಆಸ್ತಿ. ಸಂಪಾದಿಸಿದ್ದು ಎಮಲ್ಷನ್ ಮನೆತನ, ಅದರ ಲಾಭ ಅಕ್ರಿಲಿಕ್ ಲ್ಯಾಕರ್‌ಗೂ ಸಿಗ್ತಾ ಇದೆ. ಲ್ಯಾಕರ್ ಥಿನ್ನರ್‌ನ ಆವಿ, ಬಾಟಲಿ ಮೇಲೆ ಅಕ್ರಿಲಿಕ್ ಅಂತ ಇದ್ದ ಮಾತ್ರಕ್ಕೆ ಸೌಮ್ಯ ಆಗಲ್ಲ.

ಕೋವಿಡ್‌ನಲ್ಲಿ ತಂದ ಎನ್-95 ಮಾಸ್ಕ್ ಕಣಗಳನ್ನ ತಡೆಯುತ್ತೆ, ದ್ರಾವಕದ ಆವಿಯನ್ನ ತಡೆಯಲ್ಲ. ಅದಕ್ಕೆ ಸಾವಯವ ಆವಿ ಹೀರುವ ಇದ್ದಿಲಿನ ಕಾರ್ಟ್ರಿಡ್ಜ್ ಇರೋ ರೆಸ್ಪಿರೇಟರ್ ಬೇಕು, ಜೊತೆಗೆ ಗಾಳಿ ಹೊರಗೆ ಹೋಗೋ ವ್ಯವಸ್ಥೆ. ನೀರಿನ ಅಕ್ರಿಲಿಕ್ ಸ್ಪ್ರೇ ಮಾಡುವಾಗಲೂ ಬಣ್ಣದ ಸಣ್ಣ ಕಣಗಳು ಗಾಳಿಯಲ್ಲಿ ತೇಲ್ತವೆ, ಆಗಲೂ ಮಾಸ್ಕ್ ಇರಲಿ. ಐಪಿಎ ವಿಷಯ ಇನ್ನೊಂದು. ಅದು ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಿಂದಲೇ ಬೆಂಕಿ ಹತ್ತುವಷ್ಟು ಆವಿ ಬಿಡುತ್ತೆ. ಅಂದ್ರೆ ಬೆಂಗಳೂರಿನ ಚಳಿಗಾಲದ ಕೋಣೆಯಲ್ಲೂ. ದೇವರ ದೀಪ, ಸೊಳ್ಳೆ ಬತ್ತಿ, ಗ್ಯಾಸ್ ಒಲೆ ಹತ್ತಿರ ಬೇಡವೇ ಬೇಡ. "ಸ್ಪಿರಿಟ್" ಅಂತ ಲೇಬಲ್ ಇಲ್ಲದೆ ಸಿಗೋ ಬಾಟಲಿ ಕೊಳ್ಳಬೇಡಿ. ಅದರಲ್ಲಿ ಮೆಥನಾಲ್ ಇರಬಹುದು, ಅದು ವಿಷ.

ದುಡ್ಡಿನ ಲೆಕ್ಕವನ್ನೂ ಹೇಳಿ ಮುಗಿಸ್ತೀನಿ, ಇಲ್ಲಾಂದ್ರೆ ನನ್ನ ಡಿಗ್ರಿಗೆ ಅವಮಾನ. ಪ್ರಿಂಟರ್ ಅಗ್ಗ, ಇಂಕ್ ದುಬಾರಿ ಅನ್ನೋ ಸೂತ್ರ ಇಲ್ಲೂ ನಡೆಯುತ್ತೆ. ಬಾಟಲಿ ಬೆಲೆ ನೋಡಬೇಡಿ. ಬೆಲೆಯನ್ನ ಎಂಎಲ್‌ನಿಂದ ಭಾಗಿಸಿ ನೋಡಿ. ಥಿನ್ನರ್ ದೊಡ್ಡ ಬಾಟಲಿ ತಗೊಂಡರೆ ಸಾಮಾನ್ಯವಾಗಿ ಉಳಿತಾಯ. ಬಣ್ಣಕ್ಕೆ ಬೆರೆಸೋಕೆ ಕಂಪನಿಯದ್ದು, ತಮಿಯಾ ಥರದ ಬಣ್ಣ ಹೊಡೆದ ಏರ್‌ಬ್ರಷ್ ತೊಳೆಯೋಕೆ ಅಗ್ಗದ ಐಪಿಎ, ಹೀಗೆ ಎರಡು ಖಾತೆ ಇಟ್ಟುಕೊಳ್ಳಿ. ಎಮಲ್ಷನ್ ಬಣ್ಣ ಹೊಡೆದಿದ್ದರೆ ಮಾತ್ರ ಮೊದಲು ನೀರು ಹಾಯಿಸಿ, ಆಮೇಲೆ ಐಪಿಎ. ನೇರವಾಗಿ ಐಪಿಎ ಹಾಕಿದರೆ ಮೊಸರು ಏರ್‌ಬ್ರಷ್ ಒಳಗೇ ಆಗುತ್ತೆ.

ಹಾಗಾಗಿ ಮುಂದಿನ ಸಲ ಯಾರಾದರೂ "ಅಕ್ರಿಲಿಕ್‌ಗೆ ಯಾವ ಥಿನ್ನರ್?" ಅಂತ ಕೇಳಿದರೆ, ಉತ್ತರ ಕೊಡೋಕೆ ಮೊದಲು ವಾಪಸ್ ಕೇಳಿ: "ಯಾವ ಮನೆತನದ ಅಕ್ರಿಲಿಕ್?" ಅವರಿಗೆ ಗೊತ್ತಿಲ್ಲ ಅಂದ್ರೆ ಚಮಚ ಕೈಗೆ ಕೊಡಿ, ಕಿಟಕಿ ತೆಗೀರಿ.

ಇವತ್ತಿಗೆ ಇಷ್ಟು. ನಿಮ್ಮೂರಿನ ಹವೆಗೆ ಯಾವ ಬಣ್ಣಕ್ಕೆ ಯಾವ ಅಳತೆ ಹೊಂದಿತು ಅಂತ ವಾಯ್ಸ್ ನೋಟ್ ಕಳಿಸಿ. ಉತ್ತರ ಕನ್ನಡದ ಮಳೆಗೂ ರಾಯಚೂರಿನ ಬಿಸಿಲಿಗೂ ಎಷ್ಟು ವ್ಯತ್ಯಾಸ ಬರುತ್ತೆ ಅಂತ ಒಟ್ಟಿಗೆ ಕೇಳೋಣ.